ಬೈಕಿನ ಹಿಂದಿನ ಸೀಟಿನ ಹುಡುಗ: ಒಬ್ಬ ಬಾಲಾಪರಾಧಿಯ 40 ವಾರಗಳ ಪುನರ್ವಸತಿ, ಒಂದು ಪ್ರಕರಣ ಅಧ್ಯಯನ

ಹುಡುಗನಿಗೆ 16 ವರ್ಷ. ಒಂದು ರಾತ್ರಿ ಒಂಬತ್ತೂವರೆ ಸುಮಾರಿಗೆ 19 ಮತ್ತು 21 ವರ್ಷದ ಇಬ್ಬರ ಜೊತೆ ಒಂದೇ ಬೈಕಿನಲ್ಲಿ ಹೊರಟ. ರಸ್ತೆ ಬದಿಯಲ್ಲಿ ಫೋನಿನಲ್ಲಿ ಮಾತಾಡುತ್ತ ನಡೆದು ಹೋಗುತ್ತಿದ್ದ ಮಹಿಳೆಯ ಕೈಯಿಂದ ಫೋನ್ ಕಿತ್ತವನು ಹಿಂದಿನ ಸೀಟಿನಲ್ಲಿದ್ದ ಇವನೇ. ಎಳೆದ ರಭಸಕ್ಕೆ ಆಕೆ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಅದೇ ರಾತ್ರಿ ಮೂವರೂ ಸಿಕ್ಕಿಬಿದ್ದರು. ವರ್ಷದ ಹಿಂದೆ, ನಿಲ್ಲಿಸಿದ್ದ ವಾಹನಗಳಿಂದ ಪೆಟ್ರೋಲ್ ಕದ್ದಿದ್ದಕ್ಕೆ ಇವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಈ ಸಲ 23 ದಿನ ವೀಕ್ಷಣಾ ಗೃಹ (ಬಂಧಿತ ಮಕ್ಕಳನ್ನು ತಾತ್ಕಾಲಿಕವಾಗಿ ಇರಿಸುವ ಜಾಗ), ನಂತರ 40 ವಾರ ಪ್ರೊಬೇಷನ್ ಮೇಲ್ವಿಚಾರಣೆ, ಅಂದರೆ ಮನೆಯಲ್ಲೇ ಇದ್ದು ಷರತ್ತುಗಳ ಮೇಲೆ ಅಧಿಕಾರಿಯ ನಿಗಾದಲ್ಲಿರುವುದು.

ಇದು ಒಬ್ಬನೇ ಹುಡುಗನ ಕಡತದಿಂದ ಎತ್ತಿದ ಪ್ರಕರಣವಲ್ಲ. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ವಿವರಗಳನ್ನು ಒಂದೆಡೆ ಸೇರಿಸಿ ಕಟ್ಟಿದ್ದು. ಯಾರ ಗುರುತೂ ಇದರಲ್ಲಿಲ್ಲ. ಇಲ್ಲಿ ಹೆಸರಿಸಿರುವ ಸಂಶೋಧನೆಗಳು ಮಾತ್ರ ಪ್ರಕಟಗೊಂಡಿರುವಂಥವು.

ಮೊದಲ ವರದಿ ಏನನ್ನು ತಪ್ಪಾಗಿ ಓದಿತು

ಬಂಧನದ ನಂತರ ಬರೆದ ಮೊದಲ ವರದಿಯಲ್ಲಿ ಹುಡುಗನ ಬಗ್ಗೆ ಮೂರು ಮಾತಿದ್ದವು: ಪಶ್ಚಾತ್ತಾಪ ಕಾಣಲಿಲ್ಲ, ಹೇಳಿಕೆ ಓದುವಾಗ ನಕ್ಕ, ಹೇಳಿದ ದಿನ ಹಾಜರಾಗುವುದಿಲ್ಲ. ಇವುಗಳ ಆಧಾರದ ಮೇಲೆ "ಸುಧಾರಣೆಗೆ ಸ್ಪಂದಿಸುವ ಸಾಧ್ಯತೆ ಕಡಿಮೆ" ಎಂಬ ಷರಾ. ಮೂರರಲ್ಲಿ ಒಂದೂ ಅವನ ಸ್ವಭಾವದ ವಿವರವಾಗಿರಲಿಲ್ಲ.

ನಕ್ಕಿದ್ದು ನಿಜ. ಆದರೆ ಹೇಳಿಕೆ ಓದಿದ್ದು ಬೈಕಿನಲ್ಲಿದ್ದ ಆ ಇಬ್ಬರು ಹಿರಿಯ ಹುಡುಗರ ಎದುರಿಗೆ. ಅವರ ಮುಂದೆ ಅಳುವುದಕ್ಕಿಂತ ನಗುವುದು ಅವನಿಗೆ ಸುರಕ್ಷಿತವಾಗಿತ್ತು. ಸಮಾಲೋಚಕಿ ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದ ಮೂರನೆಯ ಭೇಟಿಯಲ್ಲಿ, ಯಾರೂ ಕೇಳದೆ ಅವನೇ ಕೇಳಿದ: "ಮೇಡಂ, ಆ ಆಂಟಿ ಕೈ ಸರಿ ಹೋಯ್ತಾ?" ನಾಚಿಕೆ, ಭಯ, ನಿದ್ದೆಗೇಡು ಮೂರೂ ಹದಿಹರೆಯದವರ ಮುಖದಲ್ಲಿ ನಿರ್ಲಕ್ಷ್ಯದಂತೆಯೇ ಕಾಣುತ್ತವೆ. ಪರರ ನೋವು ತಟ್ಟದ ಸ್ವಭಾವ ಕೆಲವು ಮಕ್ಕಳಲ್ಲಿ ಇರುವುದುಂಟು. ಅದನ್ನು ಗುರುತಿಸಲು ತಿಂಗಳುಗಟ್ಟಲೆಯ ನಡವಳಿಕೆ ಬೇಕು, ಮನೆ, ಶಾಲೆ, ಕೆಲಸದ ಜಾಗ ಹೀಗೆ ಒಂದಕ್ಕಿಂತ ಹೆಚ್ಚು ಕಡೆಯಿಂದ ಮಾಹಿತಿ ಬೇಕು. ಠಾಣೆಯ ಹತ್ತು ನಿಮಿಷ ಅದಕ್ಕೆ ಸಾಲದು. ಈ ಹುಡುಗ 9 ವರ್ಷದ ತಂಗಿಯನ್ನು ದಿನಾ ಶಾಲೆಯಿಂದ ಕರೆತರುತ್ತಿದ್ದ, ಅವಳಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದು ಕೂರುತ್ತಿದ್ದ ಎಂದು ನೆರೆಯವರು ಹೇಳಿದರು. ಆ ಷರಾ ಅಲ್ಲಿಗೇ ಬಿದ್ದುಹೋಯಿತು.

ಹಾಜರಾಗದಿದ್ದುದರ ಕಾರಣ ಇನ್ನೂ ಸರಳ. ಅವನಿಗೆ ಕೊಟ್ಟ ಹಾಳೆಯಲ್ಲಿ 11 ಷರತ್ತುಗಳು, ಕಾನೂನಿನ ಭಾಷೆಯಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದವು. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗನ ಓದು ಎರಡನೆಯ ತರಗತಿಯ ಮಟ್ಟದಲ್ಲಿತ್ತು. "ಓದೋಕೆ ಬರುತ್ತಾ?" ಎಂದು ಕೇಳಿದರೆ ಇಂಥ ಮಕ್ಕಳೆಲ್ಲ "ಬರುತ್ತೆ" ಎಂದೇ ಹೇಳುತ್ತಾರೆ. ಹಾಳೆ ಕೊಟ್ಟರೆ "ಆಮೇಲೆ ಓದ್ತೀನಿ ಸಾರ್" ಎಂದು ಮಡಚಿ ಜೇಬಿಗಿಡುತ್ತಾರೆ. ಹಾಗಾಗಿ ಕೇಳಬಾರದು, ನೋಡಬೇಕು: ಐವತ್ತು ಅರವತ್ತು ಪದಗಳ ಒಂದು ಸಾಧಾರಣ ಭಾಗವನ್ನು ಗಟ್ಟಿಯಾಗಿ ಓದಿಸಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಸಬೇಕು. ಐದು ನಿಮಿಷದ ಕೆಲಸ. ಅದನ್ನು ಮೊದಲ ವಾರವೇ ಮಾಡಿದ್ದರೆ ಎರಡು "ಷರತ್ತು ಉಲ್ಲಂಘನೆ"ಗಳು ಕಡತಕ್ಕೆ ಸೇರುತ್ತಿರಲಿಲ್ಲ.

ತಲೆಗೆ ಬಿದ್ದ ಪೆಟ್ಟಿನ ವಿಷಯ ಹೊರಬಂದದ್ದೂ ಪ್ರಶ್ನೆಯ ರೂಪ ಬದಲಿಸಿದ ಮೇಲೆಯೇ. "ಮೆದುಳಿಗೆ ಗಾಯ ಆಗಿತ್ತಾ?" ಎಂಬುದಕ್ಕೆ ಇಲ್ಲ ಎಂದಿದ್ದ. "ಯಾವಾಗಲಾದರೂ ತಲೆಗೆ ಪೆಟ್ಟು ಬಿದ್ದು, ಸ್ವಲ್ಪ ಹೊತ್ತು ಏನಾಯ್ತು ಅಂತಲೇ ನೆನಪಿಲ್ಲದ ಹಾಗೆ ಆಗಿದ್ದುಂಟಾ?" ಎಂದಾಗ, 9ನೆಯ ವಯಸ್ಸಿನಲ್ಲಿ ಮಹಡಿಯಿಂದ ಬಿದ್ದು ಎಚ್ಚರ ತಪ್ಪಿದ್ದನ್ನು ಹೇಳಿದ. ಆಮೇಲಿಂದ ಮಗನಿಗೆ ತಲೆನೋವು, ತಟ್ಟನೆ ಸಿಟ್ಟು ಎಂದು ತಾಯಿ ನೆನಪಿಸಿಕೊಂಡರು. ನರರೋಗ ತಜ್ಞರ ಬಳಿ ಕಳಿಸಲಾಯಿತು. ಜೊತೆಗೆ ಭೇಟಿಯ ಕ್ರಮವೂ ಬದಲಾಯಿತು: ಒಂದು ಗಂಟೆಯ ಬದಲು 35 ನಿಮಿಷ, ಒಂದು ಸಲಕ್ಕೆ ಒಂದೇ ವಿಷಯ, ಕೊನೆಗೆ ಅವನಿಂದಲೇ ಮರುಹೇಳಿಕೆ, ವಾರದ ಅದೇ ದಿನ ಅದೇ ಹೊತ್ತು.

ಆ ಸಂಜೆಯ ಕೊಂಡಿಗಳು

"ಯಾಕೆ ಮಾಡಿದೆ?" ಎಂಬ ಪ್ರಶ್ನೆಗೆ ಹದಿನಾರರ ಹುಡುಗನಲ್ಲಿ ಉತ್ತರ ಇರುವುದಿಲ್ಲ. ಒತ್ತಾಯಿಸಿದರೆ ಕೇಳುವವರಿಗೆ ಹಿಡಿಸುವ ಒಂದು ಉತ್ತರವನ್ನು ಕಟ್ಟಿಕೊಡುತ್ತಾನೆ. "ಏನಾಯ್ತು, ಅದಕ್ಕೂ ಮುಂಚೆ ಏನಾಯ್ತು?" ಎಂದು ಹಿಂದಕ್ಕೆ ಹಿಂದಕ್ಕೆ ಕೇಳಿದರೆ ಸಿಗುವುದು ಬೇರೆಯೇ. ಎರಡು ಭೇಟಿಗಳಲ್ಲಿ, ನೆಲದ ಮೇಲೆ ಚೀಟಿಗಳನ್ನು ಸಾಲಾಗಿ ಇಡುತ್ತ ಆ ಸಂಜೆಯನ್ನು ಹೀಗೆ ಬಿಡಿಸಲಾಯಿತು.

ಬೆಳಗಿನ ಜಾವ ನಾಲ್ಕಕ್ಕೆ ಮಲಗಿ ಮಧ್ಯಾಹ್ನ ಎದ್ದಿದ್ದ. ತಾಯಿಗೆ ರಾತ್ರಿ ಪಾಳಿ, ಸಂಜೆ ಆರಕ್ಕೆ ಹೊರಟರು. ಆರೂವರೆಗೆ ಸೋದರಮಾವ ಬಂದು "ದುಡಿಯೋ ವಯಸ್ಸಲ್ಲಿ ಬಿದ್ಕೊಂಡಿರ್ತೀಯ" ಎಂದು ತಂಗಿಯ ಎದುರೇ ಬೈದರು. ಏಳಕ್ಕೆ ಮನೆ ಬಿಟ್ಟ. ಆ ಹಿರಿಯರು ಕೂರುವ ಜಾಗಕ್ಕೆ ಹೋದ. ಅಲ್ಲಿ ಯಾರೂ ಬೈಯುವುದಿಲ್ಲ, ಬಂದ ಕೂಡಲೇ ಜಾಗ ಬಿಟ್ಟು ಕೂರಿಸಿಕೊಳ್ಳುತ್ತಾರೆ. ಕುಡಿತ ಶುರುವಾಯಿತು, ಇವನೂ ಕುಡಿದ. ತಿಂಗಳ ಹಿಂದೆ ಇವನು ಅವರಿಂದ ಪಡೆದ ಸಾಲದ ಮಾತು ಬಂತು. ಒಂಬತ್ತೂವರೆಗೆ ಬೈಕ್ ಹೊರಟಿತು. ಆ ಮಹಿಳೆ ಕಂಡಾಗ ಮುಂದಿನವನು ಹೇಳಿದ್ದು ಎರಡೇ ಶಬ್ದ: "ಏನ್, ಹೆದರಿಕೇನಾ?"

ಚೀಟಿಗಳನ್ನು ನೋಡುತ್ತ ಹುಡುಗ ತಾನೇ ಒಂದು ಕಡೆ ಬೆರಳಿಟ್ಟ. ಬೈಕ್ ಹತ್ತಿದ ಮೇಲೆ ತನಗೆ ಬೇಡ ಅನ್ನಲು ಆಗುತ್ತಿರಲಿಲ್ಲ ಎಂದ. ಅದು ನೆಪ ಎನಿಸಬಹುದು. ಆದರೆ ಅವನು ಹೇಳಿದ್ದು ಬಹುಮಟ್ಟಿಗೆ ಸರಿ. ಶಾಂತವಾಗಿ ಕೂತು, ಸಮಯ ತೆಗೆದುಕೊಂಡು ಯೋಚಿಸುವ ಶಕ್ತಿ ಸುಮಾರು 16ರ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬಂದಿರುತ್ತದೆ. ಉದ್ವೇಗದಲ್ಲಿ, ಗೆಳೆಯರ ಎದುರು, ಕ್ಷಣದಲ್ಲಿ ತೀರ್ಮಾನಿಸಬೇಕಾದಾಗ ತನ್ನನ್ನು ತಡೆದುಕೊಳ್ಳುವ ಶಕ್ತಿ ಮಾತ್ರ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 13ರಿಂದ 16, 18ರಿಂದ 22, ಮತ್ತು 24 ದಾಟಿದವರಿಗೆ ಕಾರು ಓಡಿಸುವ ಒಂದು ಕಂಪ್ಯೂಟರ್ ಆಟ ಆಡಿಸಿದರು, ಒಬ್ಬೊಬ್ಬರಾಗಿ ಮತ್ತು ಗೆಳೆಯರ ಜೊತೆ. ಜೊತೆಯವರು ಇದ್ದಾಗ ಚಿಕ್ಕವರು ಮೈಮೇಲೆ ಎಳೆದುಕೊಂಡ ಅಪಾಯ ದೊಡ್ಡವರಿಗಿಂತ ಬಹಳ ಹೆಚ್ಚಾಗಿತ್ತು.

ಇದರಿಂದ ಯೋಜನೆಗೆ ಸಿಗುವ ಪಾಠ ನೇರವಾದದ್ದು. "ಬೇಡ ಅನ್ನಬೇಕಿತ್ತು" ಎಂದು ಕೊನೆಯ ಕೊಂಡಿಯ ಮೇಲೆ ಬುದ್ಧಿ ಹೇಳಿ ಫಲವಿಲ್ಲ. ಸಂಜೆ ಆರರಿಂದ ಏಳರವರೆಗಿನ ಒಂದು ಗಂಟೆ ಬದಲಾಗಬೇಕು. ಅವನು ಮಾಡಿದ ಅಪರಾಧ ಎಷ್ಟು ದೊಡ್ಡದು ಎಂಬುದು ನ್ಯಾಯಾಲಯದ ಪ್ರಶ್ನೆ. ನಾಳೆ ಸಂಜೆ ಅವನನ್ನು ಅದೇ ಜಾಗಕ್ಕೆ ಕರೆದೊಯ್ಯುವುದು ಯಾವುದು ಎಂಬುದು ಪುನರ್ವಸತಿಯ ಪ್ರಶ್ನೆ. ಈ ಎರಡನ್ನು ಕಲಸಿಬಿಟ್ಟರೆ ಯೋಜನೆಯೆಲ್ಲ ಶಿಕ್ಷೆಯ ಪಟ್ಟಿಯಾಗುತ್ತದೆ.

ಮೌಲ್ಯಮಾಪನದಿಂದ ಯೋಜನೆಗೆ

ಆಂಡ್ರೂಸ್, ಬೊಂಟಾ ಮತ್ತು ಹೋಜ್ 1990ರಲ್ಲಿ ಮುಂದಿಟ್ಟ ಮೂರು ತತ್ವಗಳು ಈ ಕ್ಷೇತ್ರದ ದಿನನಿತ್ಯದ ಕೆಲಸಕ್ಕೆ ಇಂದಿಗೂ ಆಧಾರ. ಮರು ಅಪರಾಧದ ಅಪಾಯ ಹೆಚ್ಚಿರುವವರಿಗೆ ಹೆಚ್ಚು ನೆರವು, ಕಡಿಮೆ ಇರುವವರಿಗೆ ಕಡಿಮೆ. ಅಪರಾಧಕ್ಕೆ ನೇರವಾಗಿ ತಳಕು ಹಾಕಿಕೊಂಡಿರುವ, ಬದಲಾಯಿಸಲು ಸಾಧ್ಯವಿರುವ ಅಂಶಗಳ ಮೇಲೆಯೇ ಗಮನ. ಕಲಿಸುವ ರೀತಿ ಆ ವ್ಯಕ್ತಿಯ ಗ್ರಹಿಕೆಗೆ ಹೊಂದಬೇಕು. ಕಿರಿಯರಿಗಾಗಿ ಇರುವ ವೈಎಲ್‌ಎಸ್/ಸಿಎಂಐ ಎಂಬ ಮೌಲ್ಯಮಾಪನ ಪಟ್ಟಿಯಲ್ಲಿ 8 ವಿಭಾಗಗಳಲ್ಲಿ 42 ಅಂಶಗಳಿವೆ: ಹಿಂದಿನ ಅಪರಾಧಗಳು, ಕುಟುಂಬ, ಓದು ಮತ್ತು ಉದ್ಯೋಗ, ಗೆಳೆಯರು, ಮಾದಕ ವಸ್ತು, ಬಿಡುವಿನ ವೇಳೆ, ಸ್ವಭಾವ, ಮನೋಭಾವ. ಮೊದಲನೆಯದನ್ನು ಯಾರೂ ಬದಲಾಯಿಸಲಾರರು. ಉಳಿದ ಏಳರಲ್ಲಿ ಈ ಹುಡುಗನಿಗೆ ಗೆಳೆಯರು, ಬಿಡುವಿನ ವೇಳೆ, ಓದು–ಉದ್ಯೋಗ, ಕುಟುಂಬ ಈ ನಾಲ್ಕು ಭಾರವಾಗಿದ್ದವು. ಕುಡಿತ ವಾರಕ್ಕೊಮ್ಮೆ, ಅದೇ ಗುಂಪಿನ ಜೊತೆ ಮಾತ್ರ. ಗುಂಪು ಬಿಟ್ಟರೆ ಅದೂ ಬಿಡುತ್ತದೆ ಎಂದು ಅಂದಾಜಿಸಲಾಯಿತು, ನಿಗಾ ಮಾತ್ರ ಇಡಲಾಯಿತು.

ಬಲಗಳನ್ನೂ ಅಷ್ಟೇ ಗಂಭೀರವಾಗಿ ಬರೆದಿಡಬೇಕು. ಇಲ್ಲದಿದ್ದರೆ ಯೋಜನೆಗೆ ಕಾಲೂರಲು ನೆಲವೇ ಇರುವುದಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ಮತ್ತೆ ಜೋಡಿಸಬಲ್ಲ ಕೈ, ತಂಗಿಯ ಮೇಲಿನ ಪ್ರೀತಿ, ಆಗೀಗ ಕೆಲಸಕ್ಕೆ ಹೋಗುತ್ತಿದ್ದ ಬೈಕ್ ಗ್ಯಾರೇಜಿನಲ್ಲಿ ಮಾಲೀಕ ಇದ್ದ ದಿನ ಹೊತ್ತಿಗೆ ಸರಿಯಾಗಿ ಬರುವುದು. ಮೂರೂ ಬಳಕೆಗೆ ಬಂದವು.

ಅಪಾಯದ ಮಟ್ಟ ಮಧ್ಯಮಕ್ಕಿಂತ ಮೇಲೆ. ಹಾಗಾಗಿ ಮೊದಲ 16 ವಾರ ವಾರಕ್ಕೆ ಎರಡು ವೈಯಕ್ತಿಕ ಭೇಟಿ, ಒಂದು ಮನೆಭೇಟಿ, ಶುಕ್ರವಾರ ಮತ್ತು ಶನಿವಾರ ಸಂಜೆ ಆರೂವರೆಗೆ ಒಂದೊಂದು ಫೋನ್ ಕರೆ. 17ರಿಂದ 30ನೆಯ ವಾರದವರೆಗೆ ವಾರಕ್ಕೊಂದು ಭೇಟಿ. ಕೊನೆಯ ಹತ್ತು ವಾರ ಹದಿನೈದು ದಿನಕ್ಕೊಂದು. 11 ಷರತ್ತುಗಳನ್ನು ನ್ಯಾಯಾಲಯದ ಒಪ್ಪಿಗೆ ಪಡೆದು 5ಕ್ಕೆ ಇಳಿಸಿ, ಅವನ ಫೋನಿಗೆ ಧ್ವನಿಮುದ್ರಣವಾಗಿ ಕಳಿಸಲಾಯಿತು. ಷರತ್ತು ಹೆಚ್ಚಾದಷ್ಟೂ ಮುರಿಯುವ ಅವಕಾಶ ಹೆಚ್ಚು, ಮುರಿದದ್ದೆಲ್ಲ ಕಡತದಲ್ಲಿ "ಅಸಹಕಾರ". ಹುಡುಗನನ್ನು ಮತ್ತೆ ಒಳಗೆ ತಳ್ಳುವುದು ಎಷ್ಟೋ ಸಲ ಹೊಸ ಅಪರಾಧವಲ್ಲ, ಈ ಷರತ್ತುಗಳ ರಾಶಿ.

ಗುಂಪು ಚಿಕಿತ್ಸೆಗೆ ಅವನನ್ನು ಸೇರಿಸಲಿಲ್ಲ. ಸಿಬ್ಬಂದಿಯ ಸಮಯ ಉಳಿಯುತ್ತದೆ ಎಂದು ಒಂದೇ ರೀತಿಯ ಹತ್ತು ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸುವುದು ಸಾಮಾನ್ಯ. ಡಿಶನ್, ಮೆಕಾರ್ಡ್ ಮತ್ತು ಪೂಲಾ 1999ರಲ್ಲಿ ತೋರಿಸಿದ್ದು ಇದರ ಹಾನಿಯನ್ನೇ: ಅಡ್ಡದಾರಿ ಹಿಡಿದ ಹದಿಹರೆಯದವರನ್ನು ಒಟ್ಟು ಸೇರಿಸಿದಾಗ ಅವರು ಒಬ್ಬರ ಸಾಹಸಕ್ಕೆ ಇನ್ನೊಬ್ಬರು ನಕ್ಕು, ತಲೆದೂಗಿ, ಅದನ್ನೇ ಬೆಳೆಸುತ್ತಾರೆ. ವೀಕ್ಷಣಾ ಗೃಹದ 23 ದಿನದಲ್ಲಿ ಈ ಹುಡುಗನಿಗೆ ಸಿಕ್ಕ ಹೊಸ ಫೋನ್ ನಂಬರುಗಳೇ ಐದು.

ಜೈಲು ತೋರಿಸಿ ಹೆದರಿಸುವ ಪ್ರಸ್ತಾಪವೂ ಬಂತು. ಸೋದರಮಾವನಿಗೆ ಅದರಲ್ಲಿ ಬಹಳ ನಂಬಿಕೆ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿನಿಂದ ಪ್ರಸಿದ್ಧವಾದ ಈ ವಿಧಾನವನ್ನು ಆಂಥೊನಿ ಪೆಟ್ರೊಸಿನೊ ಮತ್ತು ಸಂಗಡಿಗರು ನಿಯಂತ್ರಿತ ಪ್ರಯೋಗಗಳನ್ನೆಲ್ಲ ಸೇರಿಸಿ ಪರಿಶೀಲಿಸಿದರು. ಏನೂ ಮಾಡದೆ ಬಿಟ್ಟವರಿಗಿಂತ ಜೈಲು ತೋರಿಸಿದವರೇ ಹೆಚ್ಚು ಅಪರಾಧ ಮಾಡಿದ್ದರು. ಮಾವನಿಗೆ ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ, ಆದರೆ ಒತ್ತಾಯ ಬಿಟ್ಟರು.

ಭೇಟಿಗಳಲ್ಲಿ ನಡೆದ ಕೆಲಸ

ಮೊದಲ ನಾಲ್ಕು ವಾರ ಉಪದೇಶವೇ ಇಲ್ಲ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ರೂಪಿಸಿದ ಪ್ರೇರಣಾ ಸಂಭಾಷಣೆಯ ಜೀವಾಳ ಇಷ್ಟೇ: ಬದಲಾಗಬೇಕು ಎಂಬ ಮಾತು ಹುಡುಗನ ಬಾಯಿಂದ ಬರಬೇಕು, ಸಮಾಲೋಚಕರ ಬಾಯಿಂದಲ್ಲ. ಒಂದು ತುಣುಕು ಹೀಗಿತ್ತು.

"ಅವರು ನನ್ನ ಅಣ್ಣಂದಿರ ಥರ ಮೇಡಂ."
"ನಿನಗೆ ಆಸರೆ ಆಗಿದ್ದಾರೆ."
"ಹೂಂ. ಆದ್ರೆ... ಸಿಕ್ಕಿಬಿದ್ದಾಗ ಕಿತ್ತಿದ್ದು ಇವನೇ ಅಂತ ಮೊದಲು ಹೇಳಿದ್ದೂ ಅವರೇ."
"ಅದು ನಿನಗೆ ಹೇಗನ್ನಿಸ್ತು?"

ಇಲ್ಲಿ "ನೋಡಿದೆಯಾ, ಅಂಥವರ ಸಹವಾಸ ಯಾಕೆ?" ಎಂದಿದ್ದರೆ ಅವನು ಮರುಕ್ಷಣವೇ ಅವರ ಪರ ವಾದಿಸುತ್ತಿದ್ದ. ಅನುಭವಿಗಳು ಕೂಡ ಎಡವುವ ಜಾಗ ಇದು, ಯಾಕೆಂದರೆ ಆ ಮಾತು ನಾಲಗೆಯ ತುದಿಯಲ್ಲೇ ಇರುತ್ತದೆ.

ಐದನೆಯ ವಾರದಿಂದ ಎರಡು ಕೌಶಲಗಳು. ಒಂದು, ಎದುರಿನವರ ಉದ್ದೇಶವನ್ನು ಓದುವುದು. ಕೆನೆತ್ ಡಾಡ್ಜ್ 1980ರಿಂದ ತೋರಿಸುತ್ತ ಬಂದಂತೆ, ಆಕ್ರಮಣಶೀಲ ಮಕ್ಕಳು ಅಸ್ಪಷ್ಟ ಸನ್ನಿವೇಶದಲ್ಲಿ ಎದುರಿನವರಿಗೆ ಕೆಟ್ಟ ಉದ್ದೇಶವೇ ಇತ್ತೆಂದು ತಟ್ಟನೆ ಊಹಿಸುತ್ತಾರೆ. ಗ್ಯಾರೇಜಿನಲ್ಲಿ ಯಾರೋ ಭುಜ ತಾಗಿಸಿ ಹೋದರೆ ಇವನಿಗೆ ಅದು ಸವಾಲು. ಅಭ್ಯಾಸ ಹೀಗೆ: ನಡೆದದ್ದನ್ನು ಕ್ಯಾಮೆರಾ ಕಂಡಷ್ಟೇ ಹೇಳು; ಆಮೇಲೆ ಅವನು ಹಾಗೆ ಮಾಡಲು ಮೂರು ಕಾರಣ ಹೇಳು, ಅದರಲ್ಲಿ ಒಂದಾದರೂ ನಿನಗೆ ಸಂಬಂಧವಿಲ್ಲದ್ದಿರಬೇಕು. ಮೊದಮೊದಲು ಮೂರನೆಯ ಕಾರಣಕ್ಕೆ ಅವನು ಹತ್ತು ನಿಮಿಷ ತೆಗೆದುಕೊಂಡ. ಹನ್ನೆರಡನೆಯ ವಾರಕ್ಕೆ ಅರ್ಧ ನಿಮಿಷ.

ಎರಡನೆಯದು, ಗುಂಪಿನಿಂದ ಜಾರಿಕೊಳ್ಳುವುದು. "ನಾನು ಬರಲ್ಲ, ಅದು ತಪ್ಪು" ಎಂಬ ಮಾತನ್ನು ಯಾವ ಹುಡುಗನೂ ಹಿರಿಯರ ಎದುರು ಆಡುವುದಿಲ್ಲ. ಆಡಿದರೆ ಮರ್ಯಾದೆ ಹೋಗುತ್ತದೆ, ಪೆಟ್ಟೂ ಬೀಳಬಹುದು. ಮಾನ ಉಳಿಸಿಕೊಂಡು ಹೊರಡಲು ಒಂದು ವಾಕ್ಯ ಬೇಕು, ಅದು ನಿಜವೂ ಆಗಿರಬೇಕು. ಅವನೇ ಆರಿಸಿದ್ದು: "ಇವತ್ತು ಆಫೀಸರ್ ಫೋನ್ ಮಾಡ್ತಾರೆ, ಮನೇಲಿ ಇರ್ಬೇಕು." ಶುಕ್ರವಾರ ಶನಿವಾರದ ಕರೆಗಳು ಇದ್ದದ್ದು ಅದಕ್ಕೇ. ಪಾತ್ರಾಭಿನಯ ಮೊದಲು ನಿಧಾನವಾಗಿ, ನಂತರ ಗದ್ದಲದ ಸಂಗೀತ ಹಾಕಿ, ಇಬ್ಬರು ಸಿಬ್ಬಂದಿ ಛೇಡಿಸುತ್ತಿರುವಾಗ. ಶಾಂತ ಕೋಣೆಯಲ್ಲಿ ಕಲಿತ ಮಾತು ಬಿಸಿಯೇರಿದಾಗ ನೆನಪಿಗೆ ಬಾರದು. ಆದ್ದರಿಂದ ಅಭ್ಯಾಸದಲ್ಲೂ ಸ್ವಲ್ಪ ಬಿಸಿ ಬೇಕು.

ಅವನ ಸಮಜಾಯಿಷಿಗಳ ಬಗ್ಗೆ ಒಂದು ಮಾತು. "ಆಕೆಗೆ ಇನ್ನೊಂದು ಫೋನ್ ತಗೊಳ್ಳೋ ಶಕ್ತಿ ಇದೆ", "ಬೀಳಿಸಬೇಕು ಅಂತ ಮಾಡಿಲ್ಲ", "ಪೊಲೀಸರೇನು ಸಾಚಾನಾ", "ಗೆಳೆಯರನ್ನ ಕೈಬಿಡೋಕಾಗುತ್ತಾ". ಸೈಕ್ಸ್ ಮತ್ತು ಮಾಟ್ಜಾ 1957ರಲ್ಲೇ ಇಂಥವನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಇವುಗಳನ್ನು ಒಂದೊಂದಾಗಿ ಮುರಿದು "ನಾನೇ ಕೆಟ್ಟವನು" ಎಂದು ಒಪ್ಪಿಸುವುದೇ ಚಿಕಿತ್ಸೆ ಎಂದು ಕೆಲವರು ಭಾವಿಸುತ್ತಾರೆ. ಶಾಡ್ ಮರೂನಾ ಮತ್ತು ರೂತ್ ಮಾನ್ 2006ರಲ್ಲಿ ವಾದಿಸಿದಂತೆ, ತಪ್ಪಿಗೆ ನೆಪ ಹುಡುಕುವುದು ಎಲ್ಲರೂ ಮಾಡುವ ಕೆಲಸ. "ನಾನಿರುವುದೇ ಹೀಗೆ" ಎಂಬ ನಂಬಿಕೆ ಅದಕ್ಕಿಂತ ಹೆಚ್ಚು ಅಪಾಯ. ಇಲ್ಲಿ ಸಮಾಲೋಚಕಿ ನೆಪಗಳ ಜೊತೆ ಜಗಳಕ್ಕಿಳಿಯದೆ, "ಮುಂದಿನ ಸಲ ಹಾಗಾಗದ ಹಾಗೆ ನಿನ್ನ ಕೈಲಿ ಏನಿದೆ?" ಎಂದು ಮುಂದಕ್ಕೆ ತಿರುಗಿಸಿದರು. ಅದು ಸರಿಯಾದ ತೀರ್ಮಾನ.

ಮನೆಯೊಳಗೆ

ಜೆರಾಲ್ಡ್ ಪ್ಯಾಟರ್ಸನ್ ವಿವರಿಸಿದ ಬಲವಂತದ ಸುಳಿ ಈ ಮನೆಯಲ್ಲಿ ಪಠ್ಯದಲ್ಲಿದ್ದಂತೆಯೇ ಇತ್ತು. ತಾಯಿ ಏನೋ ಹೇಳುತ್ತಾರೆ, ಮಗ ದನಿ ಏರಿಸುತ್ತಾನೆ, ತಾಯಿಯೂ ಏರಿಸುತ್ತಾರೆ, ಕೊನೆಗೆ ಪಾಳಿಗೆ ಹೊತ್ತಾಯಿತೆಂದು ಅವರು ಸುಮ್ಮನಾಗುತ್ತಾರೆ. ಕೂಗಿದರೆ ಗೆಲ್ಲಬಹುದು ಎಂದು ಮಗ ಕಲಿಯುತ್ತಾನೆ. ತಂದೆ ಕುಡಿದು ಹೊಡೆಯುತ್ತಿದ್ದವರು, ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟಿದ್ದರು. ಆ ಜಾಗದಲ್ಲಿ ಈಗ ಮಾವ.

ಕುಟುಂಬದ ಭೇಟಿಗಳನ್ನು ಕಚೇರಿಯಲ್ಲಿ ಇಟ್ಟಿದ್ದರೆ ರಾತ್ರಿ ಪಾಳಿಯ ತಾಯಿ ಬರುತ್ತಲೇ ಇರಲಿಲ್ಲ. ಸ್ಕಾಟ್ ಹೆಂಗ್ಲರ್ ಬೆಳೆಸಿದ ಬಹುವ್ಯವಸ್ಥಾ ಚಿಕಿತ್ಸೆಯಲ್ಲಿ ಚಿಕಿತ್ಸಕರೇ ಮನೆಗೆ ಹೋಗುತ್ತಾರೆ, ಒಬ್ಬರಿಗೆ ನಾಲ್ಕರಿಂದ ಆರು ಕುಟುಂಬ ಮಾತ್ರ. ಅಷ್ಟು ಸಿಬ್ಬಂದಿ ಇಲ್ಲದಿದ್ದರೂ ಮನೆಗೆ ಹೋಗುವ ಪದ್ಧತಿಯನ್ನಾದರೂ ಎರವಲು ಪಡೆಯಬಹುದು. ಭೇಟಿ ಸಂಜೆ ನಾಲ್ಕೂವರೆಗೆ, ತಾಯಿ ಎದ್ದು ಮುಖ ತೊಳೆದ ಮೇಲೆ.

ಮನೆಯ ಒಪ್ಪಂದದಲ್ಲಿ ಮೂರೇ ನಿಯಮ: ರಾತ್ರಿ ಒಂಬತ್ತಕ್ಕೆ ಮನೆಯಲ್ಲಿರುವುದು, ಎಲ್ಲಿ ಯಾರ ಜೊತೆ ಎಂದು ಹೇಳಿ ಹೋಗುವುದು, ತಂಗಿಯ ಎದುರು ಯಾರೂ ಕೂಗದಿರುವುದು. ಕೊನೆಯದು ದೊಡ್ಡವರಿಗೂ. ಪಾಲಿಸಿದ ದಿನ ಸಣ್ಣ ಬಹುಮಾನ, ಅದೇ ದಿನ. ಮುರಿದರೆ ಮರುದಿನ ಸಂಜೆಯವರೆಗೆ ಫೋನ್ ಇಲ್ಲ.

ಇದು ಆರನೆಯ ವಾರ ಕುಸಿಯಿತು. ಹುಡುಗ ಹತ್ತೂವರೆಗೆ ಬಂದ. ಮಾವ ಹೊಡೆದರು, ಫೋನನ್ನು ಒಂದು ತಿಂಗಳಿಗೆ ಕಿತ್ತಿಟ್ಟರು. ಮರುದಿನವೂ ಅದರ ಮರುದಿನವೂ ಅವನು ಹನ್ನೊಂದಕ್ಕೆ ಬಂದ. ಕಳೆದುಕೊಳ್ಳಲು ಏನೂ ಉಳಿಯದಿದ್ದ ಮೇಲೆ ಬೇಗ ಬಂದು ಸಿಗುವುದೇನು? ಫೋನ್ ಇಲ್ಲದ್ದರಿಂದ ಶನಿವಾರದ ಕರೆಯೂ ತಪ್ಪಿತು, ಜಾರಿಕೊಳ್ಳುವ ವಾಕ್ಯಕ್ಕೆ ಇದ್ದ ಆಧಾರವೂ ಹೋಯಿತು. ಸರಿಪಡಿಸಲು ಮಾವನೊಡನೆ ಬೇರೆಯಾಗಿ ಎರಡು ಭೇಟಿ ಬೇಕಾಯಿತು. ಹೊಡೆತವನ್ನು ಲಘುವಾಗಿ ತೆಗೆದುಕೊಳ್ಳಲಿಲ್ಲ. ಮಗುವಿನ ಸುರಕ್ಷತೆಯ ಪ್ರಶ್ನೆಯಾಗಿ ಅದನ್ನು ದಾಖಲಿಸಿ, ಇನ್ನೊಮ್ಮೆ ನಡೆದರೆ ಏನಾಗುತ್ತದೆ ಎಂದು ನೇರವಾಗಿ ತಿಳಿಸಲಾಯಿತು. ಅವರ ಕಾಳಜಿಗೆ ಬೇರೆ ಕೆಲಸ ಕೊಟ್ಟರು: ಬೆಳಿಗ್ಗೆ ಎಂಟೂವರೆಗೆ ಹುಡುಗನನ್ನು ಗ್ಯಾರೇಜಿಗೆ ಬಿಡುವುದು. ಶಿಸ್ತಿನ ಹೊಣೆ ತಾಯಿಯದು ಮಾತ್ರ.

ಕೆಲಸ, ಓದು, ನಿದ್ದೆ

ಒಂಬತ್ತನೆಯ ತರಗತಿಗೆ ವಾಪಸ್ ಕಳಿಸುವ ಆಲೋಚನೆಯನ್ನು ಮೊದಲೇ ಕೈಬಿಡಲಾಯಿತು. ಎರಡನೆಯ ತರಗತಿಯ ಓದಿನ ಹುಡುಗನನ್ನು ಅಲ್ಲಿ ಕೂರಿಸಿದರೆ ತಿಂಗಳೊಳಗೆ ಮತ್ತೆ ಬಿಡುತ್ತಾನೆ, ಈ ಸಲ ತಾನು ದಡ್ಡ ಎಂದು ಇನ್ನಷ್ಟು ಖಚಿತವಾಗಿ. ಬದಲಿಗೆ ಗ್ಯಾರೇಜಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಆರರವರೆಗೆ ತರಬೇತಿ ಕೆಲಸ, ನಡುವೆ ಊಟದ ಬಿಡುವು. ದಿನಕ್ಕೆ 20 ನಿಮಿಷ ಓದು, ಬಿಡಿಭಾಗಗಳ ಹೆಸರಿನಿಂದ ಶುರು. ಬ್ರೇಕ್, ಗೇರ್, ಕ್ಲಚ್ ಕೇಬಲ್ ಎಂದು ಕೈ ಬಲ್ಲ ವಸ್ತುಗಳ ಹೆಸರು ಓದಿಸಿದರೆ ಒತ್ತಕ್ಷರವೂ ಅದರೊಳಗೇ ಬಂತು.

ನಿದ್ದೆಯ ಹೊತ್ತನ್ನು ಒಮ್ಮೆಲೇ ಬದಲಿಸಲಿಲ್ಲ. ಏಳುವ ಹೊತ್ತನ್ನು ಎಂಟಕ್ಕೆ ಕಟ್ಟಿಹಾಕಿ, ಮಲಗುವ ಹೊತ್ತು ತಾನಾಗಿ ಹಿಂದಕ್ಕೆ ಬರಲು ಬಿಡಲಾಯಿತು. ಐದು ವಾರದಲ್ಲಿ ಹನ್ನೆರಡಕ್ಕೆ ಬಂದು ನಿಂತಿತು. ಹಗಲು ದುಡಿದು ದಣಿದ ಹುಡುಗನಿಗೆ ರಾತ್ರಿ ಬೈಕಿನ ಸೆಳೆತ ಅರ್ಧ ಕಡಿಮೆ.

ಗಾಯಗೊಂಡ ಮಹಿಳೆ

ಭೇಟಿಗೆ ಅವರು ಒಪ್ಪಲಿಲ್ಲ. ಒಪ್ಪಬೇಕಾದ ಹಂಗೂ ಅವರಿಗಿಲ್ಲ. ಹುಡುಗನ ಸುಧಾರಣೆಗೆ ಬಲಿಪಶುವನ್ನು ಸಾಧನವಾಗಿ ಬಳಸುವುದು ಎರಡನೆಯ ಅನ್ಯಾಯ. ಆದರೆ ಮಧ್ಯವರ್ತಿಯ ಮೂಲಕ ಎರಡು ಪ್ರಶ್ನೆ ಕಳಿಸಿದರು: ನನ್ನನ್ನೇ ಯಾಕೆ ಆರಿಸಿದಿರಿ? ನನ್ನ ಮನೆ ಎಲ್ಲಿದೆ ಎಂದು ನಿಮಗೆ ಗೊತ್ತಾ? ಕೈ ವಾಸಿಯಾದರೂ ಆ ರಸ್ತೆಯಲ್ಲಿ ನಡೆಯಲು ಅವರಿಗೆ ಆಗುತ್ತಿರಲಿಲ್ಲ.

ಬರೆಯಲು ಬಾರದ ಹುಡುಗ ಉತ್ತರವನ್ನು ಧ್ವನಿಯಲ್ಲಿ ಕೊಟ್ಟ. ಅದಕ್ಕೆ ಮೂರು ಸಿದ್ಧತಾ ಭೇಟಿ. ಮೊದಲ ಸಲ ಹೇಳಿದ್ದರಲ್ಲಿ "ನನ್ನ ಜೀವನ ಹಾಳಾಯ್ತು" ಎಂಬುದೇ ಹೆಚ್ಚಿತ್ತು. ಕೊನೆಯದು ಒಂದು ನಿಮಿಷದ್ದು: ನೀವು ಯಾರು ಅಂತ ಗೊತ್ತಿರಲಿಲ್ಲ, ಕೈಯಲ್ಲಿ ಫೋನ್ ಕಾಣಿಸ್ತು ಅಷ್ಟೇ, ನಿಮ್ಮ ಮನೆ ನಮಗೆ ಗೊತ್ತಿಲ್ಲ, ನೀವು ಬಿದ್ದಿದ್ದು ನೋಡಿದೆ, ನಿಲ್ಲಲಿಲ್ಲ. ಕ್ಷಮೆ ಕೇಳು ಎಂದು ಯಾರೂ ಹೇಳಿಕೊಡಲಿಲ್ಲ, ಅವನು ಕೇಳಿದ. ಚಿಕಿತ್ಸಾ ವೆಚ್ಚದ ಒಂದು ಭಾಗವನ್ನು ಸಂಬಳದಿಂದ ಕಂತಿನಲ್ಲಿ ಕಟ್ಟುವುದು ನ್ಯಾಯಾಲಯದ ಮೂಲಕ ನಿಗದಿಯಾಯಿತು. ಮಹಿಳೆ ಧ್ವನಿಮುದ್ರಣ ಕೇಳಿಸಿಕೊಂಡು, ಮನೆ ಗೊತ್ತಿಲ್ಲ ಎಂಬುದು ಖಚಿತವೇ ಎಂದು ಮತ್ತೊಮ್ಮೆ ಕೇಳಿ ತಿಳಿದುಕೊಂಡರು.

ಹದಿನಾಲ್ಕನೆಯ ವಾರದ ಜಾರುವಿಕೆ

ಒಂದು ಶನಿವಾರ ಹುಡುಗ ಮನೆಗೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಬಂದ. ಎರಡು ರಾತ್ರಿ ಹಳೆಯ ಗುಂಪಿನ ಜೊತೆ ಕುಡಿದಿದ್ದ. ಹೊಸ ಅಪರಾಧದ ಸುಳಿವಿರಲಿಲ್ಲ. ಷರತ್ತು ಮುರಿದಿತ್ತು, ಮತ್ತೆ ವೀಕ್ಷಣಾ ಗೃಹಕ್ಕೆ ಕಳಿಸಲು ಅದು ಸಾಕಾಗುತ್ತಿತ್ತು.

ತೀರ್ಮಾನಕ್ಕೆ ಮೂರು ಪ್ರಶ್ನೆ ಇಟ್ಟುಕೊಳ್ಳಲಾಯಿತು. ಯಾರಿಗಾದರೂ ಹಾನಿಯಾಯಿತೇ ಅಥವಾ ಸದ್ಯದಲ್ಲಿ ಆಗಬಹುದೇ? ಇದು ಒಂದು ಸಲದ್ದೇ, ಹೆಚ್ಚುತ್ತಿರುವ ಸಾಲಿನ ಭಾಗವೇ? ಒಳಗೆ ಕಳಿಸಿದರೆ ಕಳೆದುಹೋಗುವುದು ಏನು? ಮೂರನೆಯದಕ್ಕೆ ಉತ್ತರ: ಗ್ಯಾರೇಜಿನ ಕೆಲಸ, ಸರಿಹೋಗುತ್ತಿದ್ದ ನಿದ್ದೆ, ಜೊತೆಗೆ ಇನ್ನೈದು ಹೊಸ ನಂಬರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೆಯ ವಿಧಿ, ಮಗುವನ್ನು ಬಂಧನದಲ್ಲಿಡುವುದು ಕೊನೆಯ ಉಪಾಯವಾಗಿರಬೇಕು, ಸಾಧ್ಯವಾದಷ್ಟು ಕಡಿಮೆ ಅವಧಿಯದಾಗಿರಬೇಕು ಎನ್ನುತ್ತದೆ. ಅಮೆರಿಕದ ಎರಡು ನಗರಗಳಲ್ಲಿ ಗಂಭೀರ ಅಪರಾಧ ಮಾಡಿದ 1,354 ಹದಿಹರೆಯದವರನ್ನು 7 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲೂ ಹೆಚ್ಚಿನವರ ಅಪರಾಧ ಕಾಲಕ್ರಮೇಣ ಇಳಿಯಿತು. ಸಂಸ್ಥೆಗಳಲ್ಲಿ ಹೆಚ್ಚು ಕಾಲ ಇಟ್ಟದ್ದರಿಂದ ಮರು ಅಪರಾಧ ಕಡಿಮೆಯಾಗಲಿಲ್ಲ. ಹೊರಗೇ ಇಟ್ಟುಕೊಳ್ಳಲು ನ್ಯಾಯಾಲಯ ಒಪ್ಪಿತು. ಎರಡು ವಾರ ದಿನಾ ಸಂಜೆ ಹಾಜರಿ, ಅಷ್ಟೇ ದಂಡನೆ.

ಚೀಟಿಗಳು ಮತ್ತೆ ನೆಲದ ಮೇಲೆ ಬಂದವು. ಕಾರಣ ಸಿಕ್ಕಿದ್ದು ಯಾರೂ ಎಣಿಸದ ಕಡೆ: ಸಂಬಳ. ತಿಂಗಳ ಸಂಬಳವನ್ನು ಮಾಲೀಕ ಶನಿವಾರ ಸಂಜೆ ಒಟ್ಟಿಗೆ ಕೈಗೆ ಕೊಟ್ಟಿದ್ದರು. 19ರ ಯುವಕ ಅದೇ ವಾರ ಜಾಮೀನಿನ ಮೇಲೆ ಹೊರಬಂದಿದ್ದ. ಹಳೆಯ ಸಾಲ ಕೇಳಲು ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದ. ಸಾಲ ತೀರಿಸಿದ ಮೇಲೆ ಉಳಿದದ್ದು ಕುಡಿತಕ್ಕೆ. ಕೆಲಸ ಕೊಡಿಸಿದ್ದೇ ಅಪಾಯವನ್ನೂ ತಂದಿತ್ತು. ಅಂದಿನಿಂದ ಸಂಬಳ ವಾರಕ್ಕೊಮ್ಮೆ, ಬುಧವಾರ, ಹುಡುಗನ ಒಪ್ಪಿಗೆಯಿಂದಲೇ ಅವನ ಮತ್ತು ತಾಯಿಯ ಜಂಟಿ ಖಾತೆಗೆ. ಶನಿವಾರ ಸಂಜೆ ಮಾಲೀಕರ ಜೊತೆ ಬಿಡಿಭಾಗ ತರುವ ಕೆಲಸ. ಜಾರುವಿಕೆಯನ್ನು ವಿಶ್ವಾಸದ್ರೋಹವೆಂದು ತೆಗೆದುಕೊಂಡಿದ್ದರೆ ಈ ಬುಧವಾರದ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ.

40ನೆಯ ವಾರದ ಸ್ಥಿತಿ

ಹೊಸ ಪೊಲೀಸ್ ಪ್ರಕರಣವಿಲ್ಲ. ಇದೊಂದನ್ನೇ ಯಶಸ್ಸಿನ ಅಳತೆಯಾಗಿ ಹಿಡಿಯಬಾರದು, ಸಿಕ್ಕಿಬೀಳದ ಅಪರಾಧ ಯಾವ ಕಡತಕ್ಕೂ ಬರುವುದಿಲ್ಲ. ಕೆಲಸಕ್ಕೆ ವಾರದ ಆರು ದಿನದಲ್ಲಿ ಐದು ದಿನ ಹಾಜರಿ. ಓದು ನಾಲ್ಕನೆಯ ತರಗತಿಯ ಹತ್ತಿರ, ಗ್ಯಾರೇಜಿನ ಜಾಬ್ ಕಾರ್ಡನ್ನು (ಗಾಡಿಗೆ ಆಗಬೇಕಾದ ಕೆಲಸಗಳ ಪಟ್ಟಿ) ತಾನೇ ಓದಿಕೊಳ್ಳುತ್ತಾನೆ. ರಾತ್ರಿ ಒಂಬತ್ತರ ನಿಯಮ ವಾರಕ್ಕೊಮ್ಮೆ ಮುರಿಯುತ್ತದೆ, ಹತ್ತನ್ನು ದಾಟುವುದಿಲ್ಲ. ತಲೆನೋವಿಗೆ ಔಷಧ ನಡೆದಿದೆ. ಆ 19ರ ಯುವಕನ ಜೊತೆ ಮಾತು ಪೂರ್ತಿ ನಿಂತಿಲ್ಲ, ಎದುರಿಗೆ ಸಿಕ್ಕರೆ ನಿಲ್ಲುತ್ತಾನೆ, ಜೊತೆ ಹೋಗುವುದಿಲ್ಲ.

ಟೆರಿ ಮಾಫಿಟ್ 1993ರಲ್ಲಿ ಮಾಡಿದ ವಿಂಗಡಣೆಯ ಪ್ರಕಾರ ಹದಿಹರೆಯದ ಅಪರಾಧಿಗಳಲ್ಲಿ ಬಹುಪಾಲು ಆ ವಯಸ್ಸು ಕಳೆದಂತೆ ಬಿಡುವವರು, ಬಾಲ್ಯದಲ್ಲೇ ಶುರುವಾಗಿ ಮುಂದುವರಿಯುವವರು ಸಣ್ಣ ಗುಂಪು. ಹದಿಮೂರಕ್ಕಿಂತ ಮೊದಲು ಇವನಲ್ಲಿ ಆಕ್ರಮಣದ ಇತಿಹಾಸವಿಲ್ಲದ್ದರಿಂದ ಮೊದಲ ಗುಂಪಿಗೇ ಸೇರಬಹುದು. ತಲೆಯ ಗಾಯ ಮತ್ತು ಓದಿನ ತೊಡಕು ಮಾತ್ರ ಆ ಲೆಕ್ಕವನ್ನು ಪೂರ್ತಿ ನಿಶ್ಚಿಂತೆಯಿಂದ ಹೇಳಲು ಬಿಡುವುದಿಲ್ಲ.

ಮುಂದಿನ ಅನುಸರಣೆ ಭೇಟಿಗಳು 3, 6 ಮತ್ತು 12ನೆಯ ತಿಂಗಳಲ್ಲಿ. ಕಡತದಲ್ಲಿ ಬಾಕಿ ಇರುವ ಕೆಲಸಗಳು ಮೂರು. ತಾಯಿಗೆ ಹಗಲು ಪಾಳಿ ಸಿಗುವವರೆಗೆ ಸಂಜೆ ಆರರಿಂದ ಒಂಬತ್ತರವರೆಗೆ ಮನೆಯಲ್ಲಿ ಯಾರಿರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹುಡುಗನಿಗೆ 18 ತುಂಬಿದಾಗ ಹಳೆಯ ದಾಖಲೆಯನ್ನು ಗೋಪ್ಯವಾಗಿಡಲು ಅರ್ಜಿ ಹಾಕಬೇಕು, ಅದರ ಹೊಣೆ ಪ್ರೊಬೇಷನ್ ಅಧಿಕಾರಿಯದು. 21ರ ಯುವಕನ ಬಿಡುಗಡೆಗೆ ಎರಡು ವಾರ ಮೊದಲೇ ಗ್ಯಾರೇಜಿನ ಮಾಲೀಕರಿಗೆ, ತಾಯಿಗೆ, ಹುಡುಗನಿಗೆ ಮೂವರಿಗೂ ತಿಳಿಸಿ, ಆ ತಿಂಗಳು ಮಾತ್ರ ವಾರಕ್ಕೆರಡು ಭೇಟಿ ಮತ್ತೆ ಶುರುಮಾಡಬೇಕು.